ಎಡಗೈ ಪಾಠ

ಮೂರು ಗಂಟೆಗೇ ಕತ್ತಲು. ಮುಹು ದ್ವೀಪದ ಗ್ರಂಥಾಲಯದಲ್ಲಿ
ಒಲೆಯ ಸುತ್ತ ಆರು ಮಕ್ಕಳು, ಆರು ಗೋಣಿತುಂಡು,
ಮೊನೆ ಮೊಂಡಾದ ಆರು ಸೂಜಿ.
(ಏಳಿದ್ದವು. ಒಂದನ್ನು ಇನ್ನೂ ಹುಡುಕುತ್ತಿದ್ದೇವೆ.)

ದಾರ ಮೊಣಕೈವರೆಗೆ ಸಾಕು, ಅನ್ನುತ್ತೇನೆ.
ಕೇಳುವವರು ಯಾರು? ಹೆಲ್ಮಿಗೆ ಬಾಗಿಲವರೆಗಿನ ದಾರವೇ ಬೇಕು,
ಮತ್ತೆ ಮತ್ತೆ ಪೋಣಿಸುವ ಗೋಳು ತಪ್ಪುತ್ತದಂತೆ.
ಎರಡೇ ಹೊಲಿಗೆಗೆ ಅದು
ಬೆಕ್ಕು ಆಡಿಬಿಟ್ಟ ಬಲೆ.

ಸೂಜಿ ಅಂದರೆ ಸೀಲ್ ಮರಿ, ನೋಡಿ:
ಮುಳುಗಿತು, ಮಂಜುಗಡ್ಡೆಯಡಿ ಈಜಿತು,
ಉಸಿರಿಗೆಂದು ಮೇಲೆ ಬಂತು, ಮತ್ತೆ ಮುಳುಗಿತು.
ಆರೂ ಮಂದಿ ಉಸಿರು ಬಿಗಿಹಿಡಿದು ಹೊಲಿಯುತ್ತಾರೆ,
ಸೂಜಿ ತಲೆಯೆತ್ತಿದಾಗ ಒಟ್ಟಿಗೇ ಉಸ್ಸೆನ್ನುತ್ತಾರೆ.

ಉಕು ಮಾತ್ರ ತನ್ನ ಗಸಗಸೆ ಹೂವನ್ನು
ಚಡ್ಡಿಗೂ ಸೇರಿಸಿ ಹೊಲಿದುಕೊಂಡಿದ್ದಾನೆ.
ಎದ್ದು ನಿಂತ. ಹೂವೂ ಎದ್ದು ನಿಂತಿತು.
ಎಲ್ಲರ ನಗು; ಅವನ ಕಿವಿ ಹೂವಿಗಿಂತ ಕೆಂಪು.
ಕತ್ತರಿ ಬೇಡ, ಬಾ,
ಬಂದ ದಾರಿಯಲ್ಲೇ ವಾಪಸು ಹೋಗೋಣ.
ಬಿಚ್ಚುವುದೂ ಕಸೂತಿಯೇ.

ಬಿಚ್ಚುವಾಗ ಕಂಡೆ: ಅವನದು ಎಡಗೈ.
ಇಷ್ಟು ದಿನ ಪಕ್ಕದಲ್ಲಿ ಕೂತು ನಾನು ತೋರಿಸಿದ್ದೆಲ್ಲ
ಅವನಿಗೆ ತಿರುಗಾಮುರುಗಾ.

ನನ್ನದೂ ಎಡಗೈಯೇ. ಆಗಿತ್ತು.
ಒಂದನೇ ತರಗತಿಯಲ್ಲಿ ಲೈನೆ ಟೀಚರು ಅದನ್ನು
ಏಪ್ರನ್ನಿನ ಪಟ್ಟಿಯಿಂದ ಕುರ್ಚಿಗೆ ಕಟ್ಟುತ್ತಿದ್ದರು.
ಕೆಟ್ಟವರೇನಲ್ಲ, ಸಂಜೆ ಬಿಚ್ಚಿ,
ಉಜ್ಜಿ, ಬೆಚ್ಚಗೆ ಮಾಡಿ ಮನೆಗೆ ಕಳಿಸುತ್ತಿದ್ದರು.
ಆಮೇಲೆ ಅರುವತ್ತು ವರ್ಷ ಬಲಗೈ ಹೂ ಅರಳಿಸಿತು,
ಮದುಮಕ್ಕಳ ಲಂಗದ ಮೇಲೆ, ಹಡಗಿಳಿದು ಬರುವ
ಪೇಟೆಯವರ ಚಪ್ಪಲಿಯ ಮೇಲೆ.
ಎಡಗೈ ಬಟ್ಟೆ ಹಿಡಿದುಕೊಂಡೇ ಇತ್ತು.

ಎದುರಿಗೆ ಕೂತರೆ ಸಾಕಿತ್ತು, ಕನ್ನಡಿಯ ಹಾಗೆ.
ಬಲ ಅವನಿಗೆ ಎಡವಾಗಿ ಕಾಣುತ್ತಿತ್ತು.
ಯಾಕೋ, ಪಕ್ಕದಲ್ಲೇ ಕೂತು ಸೂಜಿಯ ಕೈ ಬದಲಿಸಿದೆ.

ಬೆರಳಿಗೆ ದಾರಿ ಗೊತ್ತಿಲ್ಲ.
ಮೊದಲ ಹೊಲಿಗೆ ಉದ್ದ, ಎರಡನೆಯದು ಗಿಡ್ಡ,
ಮೂರನೆಯದು ಎಲ್ಲೋ.
ಹೊರಗೆ ಹಿಮ ತುಳಿಯುವ ಬೂಟಿನ ಸದ್ದು,
ಕರೆದೊಯ್ಯಲು ಯಾರದೋ ಅಪ್ಪ ಬಂದಿರಬೇಕು.
ಉಕು ಬಗ್ಗಿ ನನ್ನ ಬಟ್ಟೆ ನೋಡಿದ,
ಮಗುಚಿ ಹಿಂಬದಿಯನ್ನೂ ನೋಡಿದ.

"ಅಷ್ಟು ಬಿಗಿ ಎಳೀಬೇಡಿ,
ಮರಿಗೆ ಉಸಿರು ಕಟ್ಟುತ್ತೆ."

ಸಡಿಲ ಬಿಟ್ಟೆ.