ಎರಡು ಸಲ ಹಾಕಿದ ಉಪ್ಪು

ಸೋಲಾಪುರ ರಸ್ತೆಯ ಕೋಲ್ಡ್ ಸ್ಟೋರೇಜಿನಾಗ
ಹದಿನಾರು ವರ್ಷ ಕೆಂಪು ಬಟ್ಟಿ ಹೊದಿಕಿಯ ಖಾತೆ ಪುಸ್ತಕ ಬರದಾಕಿ ನಾನು.
ಒಣದ್ರಾಕ್ಷಿ ಎಷ್ಟು ಬಾಕ್ಸ್ ಬಂತು, ಯಾರದು, ಯಾವ ಕೋಣಿ, ಯಾವ ಸಾಲು.
ಈಗ ಸಾವುಕಾರ್ರು ಹೊಸಾ ಪ್ಲಾಟ್‌ಫಾರ್ಮ್ ತಂದಾರ,
ಕಲಸಾಕ ವಾರಕ್ಕೆರಡು ದಿನ ಇಲಿಯಾಸ ಬರ್ತಾನ.
ಇಪ್ಪತ್ಮೂರರಾಂವ, ನನಗ ಅಕ್ಕಾರ ಅಂತಾನ,
ನಾ ತಪ್ಪಿದಾಗೆಲ್ಲ ತನ್ನ ಉಗುರು ನೋಡಿಕೋತಾನ.

ಮೊದಲ ವಾರ ಗೊತ್ತಾತು, ನಮ್ಮೂರಿಗೆ ನಾಕು ಹೆಸರು.
ಹಳೇ ಪಾವತಿಯಾಗ ಬಿಜಾಪುರ, ಹೊಸದರಾಗ ವಿಜಯಪುರ,
ಲಾರಿಯವರು ಬರದದ್ದು ವಿಜಾಪುರ,
ಹಮಾಲ ಮಲ್ಲೇಶಿ ಹೇಳಿದ್ದನ್ನ ಹೇಳಿದಂಗ ಬರಕೊಂಡದ್ದು ಇಜಾಪುರ.
ಮಷೀನಿಗೆ ನಾಕೂ ಬ್ಯಾರೆಬ್ಯಾರೆ ಊರು,
ಒಂದರಿಂದ ಇನ್ನೊಂದಕ್ಕ ಬಸ್ಸೂ ಇಲ್ಲ.
ನಾಕು ಸಾಲಿನ ಆಜ್ಞೆ ಬರದು ಒಂದು ಮಾಡಿದೆ.
ಇಜಾಪುರ ಅಳಸೂಮುಂದ ಮಾತ್ರ ಬೆರಳು ತುಸು ತಡೀತು.
ನಮ್ಮವ್ವ ಸಾಯೂತನಕ ಇದ್ದದ್ದು ಆ ಊರಾಗ.

"ಖಾಲಿ ಬ್ಯಾರೆ, ಸೊನ್ನಿ ಬ್ಯಾರೆ, ಅಕ್ಕಾರ," ಅಂದ.
ತಿಕೋಟಾದ ಬಿರಾದಾರ ಈ ಸಲ ಒಂದೂ ಬಾಕ್ಸ್ ಇಟ್ಟಿಲ್ಲ: ಸೊನ್ನಿ.
ಬಬಲೇಶ್ವರದ ಚೀಟಿ ಇನ್ನೂ ಬಂದಿಲ್ಲ: ಖಾಲಿ.
ಅವನು ಬಿಡಿಸಿ ಬಿಡಿಸಿ ಹೇಳ್ತಿದ್ದ, ನಾ ಸುಮ್ನ ಗೋಣು ಹಾಕಿದೆ.
ರೇಷನ್ ಕಾರ್ಡಿನ ಅರ್ಜಿಯಾಗ
ಗಂಡನ ಹೆಸರಿನ ಮುಂದ ನಾ ಬಿಟ್ಟ ಜಾಗಕ್ಕ
ಗುಮಾಸ್ತ ಒಂದು ಅಡ್ಡಗೀಟು ಎಳದಿದ್ದ.
ಅದನ್ನ ಅಳಸಿಸಿಯೇ ಬಂದಿದ್ದೆ.

ಮಾರ್ಚಿನಾಗ ದೊಡ್ಡ ತಪ್ಪು ಮಾಡಿದೆ.
ರಾತ್ರಿ ಓಡೂ ಪೈಪ್‌ಲೈನು ಅರ್ಧಕ್ಕ ನಿಂತು ಕೆಂಪಾಗಿತ್ತು,
ಮುಂಜಾನೆ ಬಂದಾಕಿನ ಮತ್ತ ಮೊದಲಿನಿಂದ ಓಡಿಸಿದೆ.
ಹಸರಾತು. ಖುಷಿಲೆ ಎಲ್ಲಾರಿಗೂ ಚುರಮರಿ ತರಿಸಿದೆ.
ಹನ್ನೊಂದಕ್ಕ ಸಾವುಕಾರ್ರು ಒಳಗಿಂದ ಕೂಗಿದರು:
"ಏನವಾ ನೀಲಾಂಬಿಕಾ, ರಾತ್ರೋರಾತ್ರಿ ನನ್ನ ಮಾಲು ಒಂದೂವರಿ ಪಟ್ಟು ಆಗೇತಿ,
ಬ್ಯಾಂಕಿನವರಿಗೆ ಇದನ್ನಽ ತೋರಸೂಣೇನು?"
ನಗತಿದ್ದರು. ನನ್ನ ಕಿವಿ ಸುಡತಿದ್ದವು.

"ಸಾರಿಗೆ ಅವ್ವ ಒಮ್ಮೆ, ನಾ ಒಮ್ಮೆ ಉಪ್ಪು ಹಾಕಿದಂಗಾತು," ಅಂದೆ.
ಇಲಿಯಾಸ ಎದ್ದು ಆಫೀಸಿನ ಬಾಗಲಾ ಮುಚ್ಚಿದ.
ಮುಚ್ಚಿದ ಬಾಗಲಾ ಮತ್ತೊಮ್ಮೆ ದಬ್ಬಿದ.
"ಈಗ ಎಷ್ಟು ಬಾಗಲಾ ಮುಚ್ಚೇವು?"
"ಒಂದಽ."
"ಉಪ್ಪಿನಂಗ ಬರೀಬ್ಯಾಡ್ರಿ, ಬಾಗಲದಂಗ ಬರೀರಿ."

ನಮ್ಮ ಓಣಿ ತಿರುವಿಗೆ ಒಂದು ಹಳೇ ಗಂಜು ಐತಿ,
ಬಾದಶಾಹಿ ಕಾಲದ ನೀರಿನ ಗೋಪುರ.
ಹುಡುಗರು ಅದರ ಮ್ಯಾಲ ಇದ್ದಲಿಲೆ ಸ್ಟಂಪ್ ಬರದಾರ.
ದಿನಾ ದಾಟತಿದ್ದೆ, ಆ ಸಂಜಿ ನಿಂತೆ.
ತೊರವಿ ಕಡೆಯಿಂದ ನೆಲದೊಳಗ ಹರದು ಬಂದ ನೀರು
ಇಲ್ಲಿ ಮ್ಯಾಲೇರಿ, ಸೊಕ್ಕು ಇಳಿಸಿ, ರಾಡಿ ತಳಕ್ಕ ಬಿಟ್ಟು,
ಆಮ್ಯಾಲ ಊರೊಳಗ ಹೋಗತಿತ್ತಂತ.
ಮರುದಿನ ನಡುವ ಒಂದು ಟೇಬಲ್ ಕಟ್ಟಿದೆ,
ಬಂದದ್ದೆಲ್ಲ ಮೊದಲ ಅಲ್ಲಿ ಕುಂಡ್ರಲಿ.
ಅದಕ್ಕ ಗಂಜ್ ಅಂತಽ ಹೆಸರಿಟ್ಟೆ.
ಯಾಕಂತ ಇಲಿಯಾಸ ಕೇಳಲಿಲ್ಲ,
ಅವನ ಅಜ್ಜನ ಮನೀನೂ ಅದಽ ಓಣ್ಯಾಗ.

ನಿನ್ನೆ ಲೆಕ್ಕದಾಗ ಮೂರು ಬಾಕ್ಸ್ ಕಮ್ಮಿ.
ಆಜ್ಞೆ ತಿರುತಿರುಗಿ ಓದಿದೆ, ತಪ್ಪಿಲ್ಲ.
ಶಾಲು ಹೊದ್ದು ತಂಪು ಕೋಣ್ಯಾಗ ಹೋಗಿ ಕೈಲೆ ಎಣಿಸಿದೆ,
ಬೆರಳು ಮರಗಟ್ಟಿ ಸೊಟ್ಟಾದವು. ಅಲ್ಲೂ ಮೂರು ಕಮ್ಮಿ.
ಹೊರಗ ಬಂದ್ರ ಗೇಟಿನ ಹಂತ್ಯಾಕ ವಾಚಮನ್ ದಸ್ತಗೀರ,
ಎರಡು ಬಾಕ್ಸ್ ಒಂದರ ಮ್ಯಾಲೊಂದು ಇಟ್ಟು ಕುಂತಾನ,
ಮೂರನೇದರ ಮ್ಯಾಲ ಕಪ್ಪು, ಬಶ್ಯಾಗ ಚಾ ಆರಸ್ತಾನ.
ನನ್ನ ಕಂಡು ಗಡಬಡಿಸಿದ.
"ಏಳಬ್ಯಾಡ್ರಿ, ಚಾ ಕುಡೀರಿ," ಅಂದೆ.
ಅವನು ಕುಡಿಯೂತನಕ ನಿಂತು
ಮೂರನ್ನೂ ಎಣಿಸಿಕೊಂಡೆ.