ಹೆಜ್ಜೆಯಳತೆ

ಮನೆ ನೋಡಲು ಹೋದಾಗ ರೇಡಿಯೋ ಜೋರಾಗಿತ್ತು.
ಆಗಲೇ ಅನುಮಾನ ಬರಬೇಕಿತ್ತು ನನಗೆ.
ನಡುಹಾದಿಯುದ್ದಕ್ಕೂ ದಪ್ಪ ಕಾರ್ಪೆಟ್ಟು,
ಏಜೆಂಟ್ ಬ್ರೆಂಡನ್ ಬೆಕ್ಕಿನಂತೆ
ಗೋಡೆಯಂಚು ಹಿಡಿದೇ ನಡೆದು
ಕಿಟಕಿ ತೋರಿಸಿದ: "ನೋಡಿ, ಬಂದರು ಕಾಣುತ್ತೆ."
ಕಂಡಿತು, ಕತ್ತು ಕೊಂಕಿಸಿದರೆ, ಎರಡು ಚಿಮಣಿಗಳ ನಡುವೆ
ಕರವಸ್ತ್ರದಷ್ಟು ನೀರು.

ನಾನು ನಟ್ಟನಡುವೆ ಕಾಲಿಟ್ಟೆ.
ಕಿರ್ರ್ರ್.
ಹಳೇ ಬಸ್ಸಿನ ಕ್ಲಚ್ಚು ಹೀಗೇ ಅರಚುತ್ತದೆ.
ಡನೀಡಿನ್ನಿನ ಏರುಬೀದಿಗಳಲ್ಲಿ ಇಪ್ಪತ್ತೊಂದು ವರ್ಷ
ಬಸ್ಸು ಓಡಿಸಿದ ಕಾಲು ನನ್ನದು,
ಅಡಿಯಿಂದ ಬರುವ ಸುದ್ದಿ ಅದಕ್ಕೆ ಬೇಗ ಮುಟ್ಟುತ್ತದೆ.
ಇನ್ನೊಂದು ಹೆಜ್ಜೆ. ಕೀಚ್. ಮತ್ತೊಂದು. ಗೊರ್.
ಬ್ರೆಂಡನ್ ಕೆಮ್ಮಿದ.
"ಹಳೇ ಮನೆಗೊಂದು ವ್ಯಕ್ತಿತ್ವ ಇರುತ್ತೆ" ಅಂದ.
ವ್ಯಕ್ತಿತ್ವಕ್ಕೆ ನಾನೇಕೆ ದುಡ್ಡು ತೆರಲಿ?
ನನ್ನ ಮೊದಲ ಬಸ್ಸು ಬೆಳಗಿನ ಐದೂ ಇಪ್ಪತ್ತಕ್ಕೆ.
ಅಕ್ಕ ಮಾರ್ನಿ ಪಕ್ಕದಲ್ಲೇ ಮಲಗಿದ್ದರೂ
ಮಗಳು ಟಿಲ್ಲಿಯದು ಕೋಳಿನಿದ್ದೆ.
ಒಮ್ಮೆ ಎದ್ದಳೋ, ಆ ದಿನದ ಗಣಿತವೆಲ್ಲ ಆಕಳಿಕೆ.

ತಪಾಸಣೆಗೆ ಬಂದವನು ರೇವಿ.
ಕಪಾಟಿನೊಳಗಿನ ಕಿಂಡಿ ತೆರೆದು, ತಲೆಗೆ ದೀಪ ಕಟ್ಟಿ,
ನೆಲದಡಿಗೆ ತೆವಳಿಕೊಂಡು ಹೋದ.
"ನಡೀರಿ" ಅಂದ ಕೆಳಗಿನಿಂದ.
ನಡೆದೆ.
"ನಿಲ್ಲಿ. ಹಿಂದಕ್ಕೆ. ಹಾಂ, ಅಲ್ಲೇ. ಈಗ ಒಂಟಿಕಾಲಲ್ಲಿ."
ನಲವತ್ತೇಳರ ಹೆಂಗಸು ನಾನು, ಪರರ ಮನೆಯಲ್ಲಿ
ಕುಂಟೋಬಿಲ್ಲೆ ಆಡಿದೆ.
ಕೆಳಗೊಬ್ಬ ಅಪರಿಚಿತ ನನ್ನ ಭಾರಕ್ಕೆ
ಕಿವಿಗೊಟ್ಟು ಮಣ್ಣಲ್ಲಿ ಮಲಗಿದ್ದ.
ಇಷ್ಟು ಗಮನವಿಟ್ಟು ನನ್ನ ನಡಿಗೆಯನ್ನು
ಯಾರೂ ಕೇಳಿದ್ದಿಲ್ಲ,
ಮದುವೆಯಾಗಿದ್ದವನೂ.

ಜೇಡರಬಲೆ ಹೊತ್ತು ಮೇಲೆ ಬಂದ:
"ತೊಲೆ ಗಟ್ಟಿ. ಕಂಬ ಗಟ್ಟಿ. ಹುಳ ಇಲ್ಲ, ತೇವ ಇಲ್ಲ.
ರೀಮು ಮರ, ಒಣಗಿ ಕುಗ್ಗಿದೆ.
ಮೊಳೆಗೂ ಅದಕ್ಕೂ ಜಗಳ, ಅಷ್ಟೆ. ಸದ್ದು ರೋಗವಲ್ಲ.
ಸದ್ದೇ ಇಲ್ಲದೆ ಮೆತ್ತಗಾಗೋ ನೆಲಕ್ಕೆ ಹೆದರಬೇಕು."
ಅಂದು ಬಿಲ್ ಕೊಟ್ಟ.
ನಾನು ಅವನ ಮಾತನ್ನು ಜೇಬಲ್ಲಿಟ್ಟುಕೊಂಡು
ಬ್ರೆಂಡನ್‌ಗೆ ಬರೀ ಕಿರ್ ಕಿರ್ ಒಪ್ಪಿಸಿದೆ.
ನಾಲ್ಕು ಸಾವಿರ ಡಾಲರ್ ಇಳಿಯಿತು.
ನಾಚಿಕೆಯೇನೂ ಆಗಲಿಲ್ಲ.

ಜೂನ್ ತಿಂಗಳ ಚಳಿಗೆ ಮನೆ ಸೇರಿದೆವು.
ಸ್ಕ್ರೂ ಒಂದು ಪೆಟ್ಟಿಗೆ, ಟಾಲ್ಕಂ ಪೌಡರ್ ಎರಡು ಡಬ್ಬಿ
(ಸಂದಿಗೆ ಊದಿದರೆ ಹಲಗೆ ಸುಮ್ಮನಾಗುತ್ತದಂತೆ).
ಕಾರ್ಪೆಟ್ಟು ಕಿತ್ತೆ.
ಅದರಡಿ ಇನ್ನೊಂದು, ಅದರಡಿ ಹಳದಿಯಾದ ಪತ್ರಿಕೆ,
ಅದರಡಿ
ಕೆಂಪು ಚುಕ್ಕಿ. ಉಗುರಿಗೆ ಹಚ್ಚುವ ಬಣ್ಣ.
ಒಂದು ಇಲ್ಲಿ, ಒಂದು ಓರೆಯಾಗಿ ಅಲ್ಲಿ,
ಗೋಡೆಗಂಟಿಕೊಂಡು ಎರಡು,
ಮಲಗುವ ಕೋಣೆಯ ಹೊಸ್ತಿಲಿಂದ
ಅಡುಗೆಮನೆಯ ಮೇಲಟ್ಟದವರೆಗೆ.
ನಾನಿನ್ನೂ ಕಣ್ಣು ಕಿರಿದು ಮಾಡುತ್ತಿದ್ದೆ,
ಟಿಲ್ಲಿ ಆಗಲೇ ಚುಕ್ಕಿಯಿಂದ ಚುಕ್ಕಿಗೆ.
ಪಿಟ್ಟೆನ್ನಲಿಲ್ಲ.
ಇಡೀ ನೆಲ ಉಸಿರು ಬಿಗಿಹಿಡಿದು
ಅವಳನ್ನು ಆಚೆ ದಾಟಿಸಿತು.

ಮನೆ ಮಾರಿದ ಓಲ್ವಿನ್‌ಗೆ ಫೋನು ಮಾಡಿದೆ.
ಬಹಳ ಹೊತ್ತು ಆ ಕಡೆ ಮಾತಿಲ್ಲ.
"ಬಿಸ್ಕತ್ತಿನ ಡಬ್ಬಿ ಯಾವಾಗಲೂ ಖಾಲಿ" ಅಂದಳು ಕೊನೆಗೆ,
"ನಾನು ಇಲಿಬೋನು ತಂದಿಟ್ಟಿದ್ದೆ."
ಮೂವರು ಮಕ್ಕಳಲ್ಲಿ ಯಾರದು ಈ ಕೆಲಸ
ಅವಳಿಗೂ ತಿಳಿಯದು.

ಬೆಳಗಿನ ನಾಲ್ಕೂವರೆ. ಬೂಟು ಕೈಯಲ್ಲಿ,
ಸ್ಕ್ರೂ ಪೆಟ್ಟಿಗೆ ಇನ್ನೂ ಒಡೆಯದೆ ಮೂಲೆಯಲ್ಲಿ.
ಚುಕ್ಕಿಗಳೆಲ್ಲ ಎಂಟು ವರ್ಷದ ಕಾಲಿನ ಅಳತೆಗೆ.
ನನ್ನ ಹೆಜ್ಜೆಯನ್ನು ಅರ್ಧ ಮಡಿಸಿ,
ಮೊಣಕಾಲು ಬಾಗಿಸಿ, ಕಳ್ಳಿಯ ಹಾಗೆ
ಒಂದು, ಎರಡು, ಆರು,
ಏಳನೆಯದರ ಮೇಲೆ
ಕಿರ್ರ್.
ಅಷ್ಟು ವರ್ಷ ಮರ ಸುಮ್ಮನೆ ಬಿದ್ದಿರುತ್ತದೆಯೇ?

ಕತ್ತಲೊಳಗಿಂದ ನಿದ್ದೆಗಣ್ಣಿನ ದನಿ:
"ಅದು ಕೆಟ್ಟಿದೆ ಅಮ್ಮಾ. ಎಡಗಡೆದು ತುಳಿ.
ಗುರುತು ಹಾಕಿದ್ದೀನಿ."

ಫೋನಿನ ಬೆಳಕಲ್ಲಿ ಬಗ್ಗಿ ನೋಡಿದೆ.
ಹಸಿರು ಚುಕ್ಕಿ.
ಮುಟ್ಟಿದರೆ ಇನ್ನೂ ಅಂಟು,
ಪಕ್ಕದಲ್ಲೇ ಬಿಸ್ಕತ್ತಿನ ಪುಡಿ.