ಹೋಲಿಕೆ, ಶೇಕಡಾ ಒಂಬತ್ತು

ಮೊದಲ ಅಧ್ಯಾಯದ ಮೊದಲ ಪುಟದಲ್ಲೇ
'ನಾನು ನೋಡಿದೆ' ಎಂಬುದರ ಮೇಲೆ
ಮುನಿರೆಡ್ಡಿ ಮೇಷ್ಟ್ರ ಕೆಂಪು ಗೀರು.
ಪಕ್ಕದಲ್ಲಿ ಸಣ್ಣಗೆ: ಕಂಡುಬರುತ್ತದೆ ಎನ್ನಿ.
ಯಾರಿಗೆ ಸರ್, ಅಂದೆ.
ಚಹಾ ತರಿಸಿದರು.

ಹಾಗೆ ಕಲಿತೆ. ಕಂಡುಬರುತ್ತದೆ, ತಿಳಿದುಬರುತ್ತದೆ,
ಎಂದರೆ ತಪ್ಪಾಗಲಾರದು.
ನಾಲ್ಕು ವರ್ಷದಲ್ಲಿ ನನ್ನ ವಾಕ್ಯಗಳೊಳಗಿಂದ
ನಾನು ಎದ್ದುಹೋದದ್ದು
ನನಗೇ ಕಂಡುಬರಲಿಲ್ಲ.

ಶಿಡ್ಲಘಟ್ಟದಲ್ಲಿ, ಗೂಡು ಬೇಯುವ ನಾತದ ಓಣಿಯಲ್ಲಿ
ಶಂಶಾದಮ್ಮ ಕುದಿನೀರಿಗೆ ಕೈಯದ್ದಿ
ಎಳೆಯ ತುದಿ ಹುಡುಕುತ್ತಿದ್ದಳು.
ನಿನ್ ಬುಕ್ಕಲ್ಲಿ ನಾನೆಲ್ಲಿದೀನಿ?
ತೋರಿಸಿದೆ: ಕೋಷ್ಟಕ ನಾಲ್ಕು, ಮಾಹಿತಿದಾರರು ಹದಿನೇಳು.
ಹದಿನೇಳು ನನ್ ಮದ್ವೆ ವಯಸ್ಸು ಕಣಮ್ಮ, ನಕ್ಕಳು.
ಆಮೇಲೆ, ನೀರಿನಿಂದ ಕಣ್ಣೆತ್ತದೆ:
'ಉಪ್ಪು ಮುಟ್ಟಿದ್ರೆ ಉರಿ. ರಾತ್ರಿ ಮಗ್ಳು ಕಲ್ಸಿ ತಿನ್ನಿಸ್ತಾಳೆ.
ಅದ್ನೂ ಬರ್ಕೊ.'
ಬರೆದುಕೊಂಡೆ. ಹಾಳೆಗೆ ಇನ್ನೂ ಹುಳದ ವಾಸನೆ.

ಮೇಷ್ಟ್ರು ಅದಕ್ಕೂ ಗೀರೆಳೆದರು: ಭಾಷೆ ಶಿಷ್ಟವಾಗಿರಲಿ.
ಅದೊಂದನ್ನು ತಿದ್ದಲು ಮರೆತೆ.
ಮರೆತೆ ಅನ್ನೋಣ.

ಇವತ್ತು ಟಮಕದ ಗ್ರಂಥಾಲಯದಿಂದ
ಕೃತಿಚೌರ್ಯ ತಪಾಸಣೆಯ ವರದಿ ಬಂತು. ಒಂಬತ್ತು. ಪಾಸು.
ಬಸ್ ಸ್ಟ್ಯಾಂಡಿನ ಕಲ್ಲುಬೆಂಚಲ್ಲಿ ಕೂತು ತಿರುವಿದೆ.
ಎಂದರೆ ತಪ್ಪಾಗಲಾರದು: ಹಳದಿ,
ಮಿಶ್ರತಳಿ ಗೂಡಿನ ಹಳದಿ.
ಎಂಬುದು ಗಮನಾರ್ಹ: ಹಳದಿ.
ಪೀಠಿಕೆಯಲ್ಲಿ, ಉಪಸಂಹಾರದಲ್ಲಿ,
ಎದೆ ಉಬ್ಬಿಸಿ ಬರೆದ ಆ ಪ್ಯಾರಾದಲ್ಲೂ
ಇನ್ಯಾರೋ ಮೊದಲೇ ಕೂತಿದ್ದರು.

ಪುಟ ನೂರ ಹನ್ನೆರಡು.
ಉಪ್ಪು ಮುಟ್ಟಿದ್ರೆ ಉರಿ.
ಯಂತ್ರ ಲೋಕವೆಲ್ಲ ಹುಡುಕಿದೆ ಪಾಪ,
ತುದಿ ಸಿಕ್ಕಿಲ್ಲ.
ಬೆಳ್ಳಗಿದೆ.

ನಾಳೆ ಬೈಂಡಿಂಗು. ಐದು ಪ್ರತಿ ಸಾಕಂತೆ,
ಆರು ಹೇಳಿದೀನಿ.